ಓದಿ ಹೇಳದ ಅರ್ಜಿ

ಜುಲೈ 5, 2021, ಸೋಮವಾರ

ಶಾಲಾ ವರ್ಷ ಶುರುವಾಗಿ ಐದು ದಿನ. ಅನುಪಮಾಳ ಮೂರನೇ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಇವತ್ತಿಗೂ ಒಂದು ಪಾಠವಿಲ್ಲ, ಒಂದು ಲೆಕ್ಕವಿಲ್ಲ. ಕೊನೆಯ ಸಂದೇಶ ಜೂನ್ 28ರದು: "ಪಾಲಕರು ಮಕ್ಕಳ ಆರೋಗ್ಯ ನೋಡಿಕೊಳ್ಳಿ." ಆರೋಗ್ಯ ನಾವು ನೋಡಿಕೊಳ್ಳುತ್ತೇವೆ ತಾಯಿ, ವಿದ್ಯೆ ಯಾರು ನೋಡಿಕೊಳ್ಳಬೇಕು?

ಮೊಮ್ಮಗಳು ಒಂದನೇ ತರಗತಿಯ ಕೊನೆಯ ಪರೀಕ್ಷೆ ಬರೆಯದೆ ಎರಡಕ್ಕೆ ಹೋದಳು, ಎರಡರ ಗೋಡೆ ನೋಡದೆ ಮೂರಕ್ಕೆ ಬಂದಳು. ಮಗ ರಾಜೇಶ, ಸೊಸೆ ದೀಪಾ ಇಬ್ಬರೂ ಲಿಂಗಸುಗೂರಿನಲ್ಲಿದ್ದಾರೆ. ದೀಪಾ ಅಲ್ಲಿನ ದವಾಖಾನೆಯಲ್ಲಿ ನರ್ಸ್, ಒಂದು ವರ್ಷದಿಂದ ಕೋವಿಡ್ ವಾರ್ಡು. ಹೀಗಾಗಿ ಮಗು ಸಿಂಧನೂರಿನಲ್ಲಿ ನನ್ನ ಹತ್ತಿರ. ಖಾಸಗಿ ಶಾಲೆಗೆ ಹಾಕೋಣ ಎಂದು ರಾಜೇಶ ಅಂದಾಗ, ಸರ್ಕಾರಿ ಶಾಲೆಯಲ್ಲಿ ಓದಿಯೇ ನಾವು ಮನುಷ್ಯರಾದೆವು ಎಂದು ಜಗಳವಾಡಿ ಇಲ್ಲಿಗೆ ಸೇರಿಸಿದವನು ನಾನು. ಪತ್ರಿಕೆಗೆ ಬರೆದು ಊರಿಗೆಲ್ಲ ತಿಳಿಸಿದವನೂ ನಾನೇ.

ನಾನು ಮೂರನೇ ತರಗತಿಯಲ್ಲಿದ್ದಾಗ ಮಾಸ್ತರರು ಸಾಲಗುಂದದಿಂದ ನಡೆದು ಬರುತ್ತಿದ್ದರು. ಹಳ್ಳ ಬಂದ ದಿನ ಅಂಗಿಯನ್ನು ತಲೆಗೆ ಸುತ್ತಿಕೊಂಡು ದಾಟಿ, ಹಸಿ ಧೋತರದಲ್ಲೇ ನಿಂತು ಮಗ್ಗಿ ಹೇಳಿಸಿದರು. ನಮ್ಮ ಕೇರಿಯ ಹುಡುಗರನ್ನು ಹೊರಗಿನ ಕಟ್ಟೆಯಿಂದ ಎಬ್ಬಿಸಿ ಒಳಗೆ ಕೂರಿಸಿದವರೂ ಅವರೇ. ಈಗಿನವರಿಗೆ ದಾಟಲು ಹಳ್ಳವಿಲ್ಲ, ಕೈಯಲ್ಲಿ ಫೋನಿದೆ. ಆದರೂ ಬರುವುದಿಲ್ಲ. ಈ ಶಾಹೀಸ್ತಾ ಎಂಬ ಟೀಚರು ಬಂದು ಎರಡು ವರ್ಷವಾಗಿಲ್ಲ, ಆಗಲೇ ಕೂತು ಸಂಬಳ ತಿನ್ನುವುದನ್ನು ಕಲಿತಿದ್ದಾಳೆ.

ನಾಳೆಯಿಂದ ಬೆಳಿಗ್ಗೆ ಒಂಬತ್ತಕ್ಕೆ ನಾನೇ ತರಗತಿ ನಡೆಸುತ್ತೇನೆ. ನೀರಾವರಿ ಇಲಾಖೆಯಲ್ಲಿ ಮೂವತ್ತಾರು ವರ್ಷ ಗುಮಾಸ್ತನಾಗಿದ್ದವನಿಗೆ ಒಂದು ಮಗುವಿಗೆ ಲೆಕ್ಕ ಕಲಿಸಲು ಬರದೇ?

ಜುಲೈ 9, ಶುಕ್ರವಾರ

ನಾಲ್ಕು ದಿನದ ತರಗತಿ. ಪ್ರಗತಿ ಅಷ್ಟಕ್ಕಷ್ಟೆ.

ಇವತ್ತು ಕಳೆಯುವ ಲೆಕ್ಕ ಕೊಟ್ಟೆ. ಐವತ್ತೆರಡರಲ್ಲಿ ಇಪ್ಪತ್ತೇಳು. ಮೂವತ್ತೈದು ಎಂದು ಬರೆದಳು.

"ಎರಡರೊಳಗ ಏಳು ಹೋಗ್ತದೇನು?"

"ಹೋಗಂಗಿಲ್ಲಜ್ಜ. ಅದಕ್ಕ ಏಳರಾಗ ಎರಡು ತಗದೀನಿ."

ದಶಕ ಎಂದರೇನು ಎಂದು ತಿಳಿಸಿದೆ. ಸೊನ್ನೆ ಹುಟ್ಟಿದ್ದು ಎಲ್ಲಿ, ನಿಜಾಮರ ಕಾಲದ ನಾಣ್ಯಕ್ಕೆ ಎಷ್ಟು ಪೈಸೆ, ಹತ್ತರ ಲೆಕ್ಕ ಬಂದಮೇಲೆ ನಮ್ಮಪ್ಪನಂಥವರು ಸಂತೆಯಲ್ಲಿ ಹೇಗೆ ಒದ್ದಾಡಿದರು, ಎಲ್ಲ ಹೇಳಿದೆ. ಮುಕ್ಕಾಲು ಗಂಟೆ. ತಿರುಗಿ ನೋಡಿದರೆ ಪೆನ್ಸಿಲ್ಲಿನ ಹಿಂಬದಿ ಕಚ್ಚುತ್ತ ಬಾಗಿಲ ಕಡೆ ನೋಡುತ್ತಿದ್ದಾಳೆ. ಮೇಜಿನ ಮೇಲೆ ಸ್ಕೇಲು ಬಡಿದೆ. ಬೆಚ್ಚಿದಳು. ಮಗುವಿಗೆ ಹೊಡೆಯಲಿಲ್ಲ. ನಾನು ಮಕ್ಕಳಿಗೆ ಹೊಡೆಯುವವನಲ್ಲ.

ಸಂಜೆ ಆರೂವರೆ ಆಯಿತೆಂದರೆ ಹಿಂದಿನ ಓಣಿಯ ಗದ್ದೆಮ್ಮನ ಮನೆಗೆ ಆಟಕ್ಕೆ ಓಡುತ್ತಾಳೆ. ಗದ್ದೆಮ್ಮ ನಮ್ಮ ಅಣ್ಣತಮ್ಮಕೆಯ ಮಗಳು. ನನ್ನ ಹೆಂಡತಿ ತೀರಿದಮೇಲೆ ದಿನಾ ಬೆಳಿಗ್ಗೆ ಬಂದು ನಮಗೆ ರೊಟ್ಟಿ ಬಡಿದಿಟ್ಟು ಕೂಲಿಗೆ ಹೋಗುತ್ತಾಳೆ. ಅವಳ ಮಗಳು ಹುಲಿಗೆಮ್ಮ ಅನುವಿನ ತರಗತಿಯವಳೇ. ಆಡಲಿ. ಆದರೆ ಓದಿನ ಮೇಲೆ ಇಲ್ಲದ ಉತ್ಸಾಹ ಆಟಕ್ಕೆ ಎಲ್ಲಿಂದ ಬರುತ್ತದೋ.

ಜುಲೈ 15, ಗುರುವಾರ

ಮೂರು ದಿನದಿಂದ ಟೀಚರಿಗೆ ಫೋನ್ ಮಾಡುತ್ತಿದ್ದೇನೆ. ಕೆಲಸದ ಹೊತ್ತಿನಲ್ಲಿ ನೌಕರರನ್ನು ಫೋನಿನಲ್ಲಿ ಎಳೆಯಬಾರದು ಎಂಬುದು ನನ್ನ ನಿಯಮ, ಹಾಗಾಗಿ ಸಂಜೆಯೇ ಮಾಡಿದೆ. ಏಳಕ್ಕೆ ಎಂಗೇಜ್. ಏಳೂವರೆಗೆ ಎಂಗೇಜ್. ಎಂಟಕ್ಕೂ ಎಂಗೇಜ್. ಮೂರೂ ದಿನ ಹೀಗೇ. ಮಕ್ಕಳಿಗೆ ಐದು ನಿಮಿಷವಿಲ್ಲ, ಹರಟೆಗೆ ಎರಡು ತಾಸು!

ಬೆಳಿಗ್ಗೆ ಆಕೆಯಿಂದ ಎರಡು ಸಲ ಕರೆ ಬಂದಿತ್ತು. ನಾನು ಒಂಬತ್ತರ ತರಗತಿಯಲ್ಲಿದ್ದೆ. ಪಾಠದ ನಡುವೆ ಫೋನ್ ಮುಟ್ಟುವುದಿಲ್ಲ.

ಜುಲೈ 25, ಭಾನುವಾರ

ಅರ್ಜಿ ಬರೆದೆ. ಮೂರು ಪುಟ. ಬಹಳ ದಿನದ ಮೇಲೆ ಕೈ ಬಿಸಿಯಾಯಿತು.

ನಮ್ಮಂಥವರ ಕೈಗೆ ಸಿಕ್ಕ ಒಂದೇ ಆಯುಧ ಅರ್ಜಿ. 1979ರಲ್ಲಿ ನಾನು ಬರೆದ ಅರ್ಜಿಯಿಂದ ಕೇರಿಗೆ ನಳ ಬಂತು. ಅಲ್ಲಿಯವರೆಗೆ ನಮ್ಮ ಹೆಂಗಸರು ಬೇರೆಯವರು ಎತ್ತಿ ಹಾಕುವ ನೀರಿಗಾಗಿ ಬಾವಿಯ ಕೆಳಗೆ ಕಾಯುತ್ತಿದ್ದರು. ಹಾಸ್ಟೆಲಿನ ಹುಳುಬಿದ್ದ ಜೋಳದ ಮೇಲೆ ಬರೆದೆ, ವಾರ್ಡನ್ ಬದಲಾದ. ಅಂಬಪ್ಪನ ಅರ್ಜಿ ಎಂದರೆ ಕಚೇರಿಯಲ್ಲಿ ಒಂದು ಸಲ ಕುರ್ಚಿ ಸರಿಪಡಿಸಿಕೊಂಡು ಓದುತ್ತಿದ್ದರು.

ಈ ಸಲದ ವಿಷಯ: "ಮೂರನೇ ತರಗತಿಯ ಸಹಶಿಕ್ಷಕಿಯ ಘೋರ ಕರ್ತವ್ಯಲೋಪದ ಕುರಿತು." ಎರಡನೇ ಪುಟದ ವಾಕ್ಯವೊಂದು ಚೆನ್ನಾಗಿ ಕೂತಿದೆ: "ಸಂಜೆಯ ಹೊತ್ತು ಖಾಸಗಿ ಹರಟೆಯಲ್ಲಿ ಮಗ್ನರಾಗಿರುವ ಸದರಿ ಶಿಕ್ಷಕಿಗೆ ಬಡವರ ಮಕ್ಕಳ ಭವಿಷ್ಯ ಕಸಕ್ಕೆ ಸಮಾನವಾಗಿದೆ."

ಒಬ್ಬನ ಸಹಿ ಸಾಲದು. ಪಾಲಕರೆಲ್ಲರ ಸಹಿ ಬೇಕು.

ಜುಲೈ 27, ಮಂಗಳವಾರ

ಕಾಲುವೆಗೆ ನೀರು ಬಂದಿದೆ, ನಾಟಿ ಶುರುವಾಗಿದೆ. ಬೆಳಿಗ್ಗೆ ಆರಕ್ಕೆ ಟ್ರ್ಯಾಕ್ಟರ್ ನಿಲ್ಲುವ ಜಾಗಕ್ಕೆ ಹೋದೆ. ಜವಳಗೇರಾದ ಕಡೆ ಹೋಗುವ ಹೆಂಗಸರೆಲ್ಲ ಟ್ರೇಲರ್ ಹತ್ತಿ ಕೂತಿದ್ದರು. ಅವರಲ್ಲಿ ಗದ್ದೆಮ್ಮನೂ ಸೇರಿ ಹದಿನಾಲ್ಕು ಜನ ಅನುವಿನ ತರಗತಿಯ ಮಕ್ಕಳ ತಾಯಂದಿರು. ಸ್ಟ್ಯಾಂಪ್ ಪ್ಯಾಡ್ ಒಯ್ದಿದ್ದೆ.

"ಏನ್ ಕಾಕಾ, ಮುಂಜಾನಿ ಮುಂಜಾನಿ ಕಾಗದ ಹಿಡ್ಕೊಂಡು? ನಮಗೇನ್ ಮದಿವಿ ಮಾಡ್ತಿ?" ಎಂದಳು ಹೊನ್ನೂರಮ್ಮ. ಅವಳ ಬಾಯಿಗೆ ಹೆದರದವರಿಲ್ಲ.

"ಸಾಲಿ ಸಲುವಾಗಿ ಅರ್ಜಿವ್ವ. ನಿಮ್ಮ ಮಕ್ಕಳ ಸಲುವಾಗಿ."

"ಮಕ್ಕಳಿಗೆ ಟಚ್ ಫೋನ್ ಕೊಡಸ್ತಾರೇನ್?"

"ಎಲ್ಲಾ ಆಗ್ತದ, ಒತ್ತು."

ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ಓದಿ ಹೇಳುವಷ್ಟು ಹೊತ್ತಿರಲಿಲ್ಲ. ಐದು ಸಹಿ, ಒಂಬತ್ತು ಹೆಬ್ಬೆಟ್ಟು. ಟ್ರೇಲರಿನ ಕಬ್ಬಿಣದ ಮೇಲೆ ಕಾಗದ ಇಟ್ಟು ಒತ್ತಿಸಿದ್ದರಿಂದ ಎರಡು ಹೆಬ್ಬೆಟ್ಟು ಸ್ವಲ್ಪ ಅಲುಗಿವೆ. ನಡೆಯುತ್ತದೆ.

ಜುಲೈ 28, ಬುಧವಾರ

ಶಿಕ್ಷಣ ಇಲಾಖೆಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ನಾಲ್ಕು ಕಡೆ ಪ್ರತಿ. ಮನಸ್ಸಿಗೆ ಸಮಾಧಾನ.

ಆಗಸ್ಟ್ 2, ಸೋಮವಾರ

ಆಶ್ಚರ್ಯ! ಅರವತ್ತಮೂರರಲ್ಲಿ ಮೂವತ್ತೆಂಟು ಎಂದು ಕೊಟ್ಟೆ. ಅನು ಒಳಗೆ ಹೋಗಿ ತೊಗರಿಬೇಳೆ ಡಬ್ಬಿ ತಂದಳು. ಹತ್ತು ಹತ್ತರ ಆರು ಗುಂಪು, ಬಿಡಿ ಮೂರು. ಒಂದು ಗುಂಪು ಒಡೆದು ಬಿಡಿಯಲ್ಲಿ ಸೇರಿಸಿದಳು. ಎಂಟು ತೆಗೆದಳು, ಮೂರು ಗುಂಪು ಸರಿಸಿದಳು. ಇಪ್ಪತ್ತೈದು ಎಂದಳು. ಮುಂದಿನ ಮೂರು ಲೆಕ್ಕವೂ ಸರಿ.

ಕೊನೆಗೂ ನನ್ನ ಪದ್ಧತಿ ಫಲ ಕೊಡುತ್ತಿದೆ. ರಾಜೇಶನಿಗೆ ಫೋನ್ ಮಾಡಿ ಹೇಳಿದೆ.

ಆಗಸ್ಟ್ 10, ಮಂಗಳವಾರ

ಇವತ್ತಿನದನ್ನು ಬರೆಯದೇ ಬಿಟ್ಟರೆ ನಾಳೆ ನನಗೆ ನಾನೇ ಬೇರೆ ಕಥೆ ಹೇಳಿಕೊಂಡೇನು. ಆದದ್ದನ್ನು ಆದಂತೆ ಬರೆಯುತ್ತೇನೆ.

ಸಂಜೆ ಏಳಕ್ಕೆ ದೀಪಾ ವೀಡಿಯೊ ಕಾಲ್ ಮಾಡಿದಳು, ಮಗಳ ಮುಖ ನೋಡಬೇಕು ಎಂದಳು. ಅನುವನ್ನು ಕರೆತರಲು ಗದ್ದೆಮ್ಮನ ಮನೆಗೆ ಹೋದೆ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಆರು ಮಕ್ಕಳು ಗುಂಡಗೆ ಕೂತಿದ್ದರು. ನಡುವೆ ಒಂದು ಖಾಲಿ ಸ್ಟೀಲ್ ಡಬರಿ. ಅದರೊಳಗೆ ಗದ್ದೆಮ್ಮನ ಬಟನ್ ಫೋನನ್ನು ನಿಲ್ಲಿಸಿದ್ದರು, ದನಿ ದೊಡ್ಡದಾಗಿ ಕೇಳಲೆಂದು. ಡಬರಿ ಮಾತಾಡುತ್ತಿತ್ತು.

"ಎಲ್ಲಾರ ಮುಂದ ಬ್ಯಾಳಿ ಅದಾವಿಲ್ರೆಪಾ?"

"ಅದಾವ್ರೀ ಟೀಚರ್!"

"ಹುಲಿಗೆಮ್ಮ, ನಿನ್ನ ಹಂತ್ಯಾಕ ಇಪ್ಪತ್ನಾಲ್ಕು ಅದಾವ. ನಾಲ್ಕು ಮಂದಿಗೆ ಸಮಾ ಹಂಚಬೇಕು. ಒಬ್ಬರಿಗೆ ಎಷ್ಟು?"

ಹುಲಿಗೆಮ್ಮ ಹಂಚತೊಡಗಿದಳು. ಫೋನಿನ ಆಚೆ ಇದ್ದವರು ಕಾದರು. ಎಷ್ಟು ಹೊತ್ತು ಕಾದರೆಂದರೆ ಕರೆ ಕಟ್ಟಾಯಿತೇನೋ ಅಂದುಕೊಂಡೆ. ನಾನಾಗಿದ್ದರೆ ಅಷ್ಟರಲ್ಲಿ ಉತ್ತರ ಹೇಳಿ, ಭಾಗಾಕಾರದ ಚರಿತ್ರೆ ಶುರುಮಾಡಿರುತ್ತಿದ್ದೆ.

"ಆರ್ರೀ ಟೀಚರ್."

"ಶಾಬಾಸ್ ಬೇ! ಅನು, ನೀ ಹೇಳು, ಬ್ಯಾಳಿ ಮುಟ್ಟಲಾರದ ಹೇಳು. ಮೂವತ್ತು ಐದು ಮಂದಿಗೆ?"

"ಆರು! ಟೀಚರ್, ನಮ್ಮಜ್ಜ ನನಗ ಲೆಕ್ಕ ಬಂತಂತ ನಮ್ಮಪ್ಪಗ ಫೋನ್ ಮಾಡಿ ಹೇಳ್ಯಾನ್ರೀ. ತಾನs ಕಲಿಸ್ಯಾನಂತ."

ಮಕ್ಕಳು ನಕ್ಕರು. ಡಬರಿಯಲ್ಲೂ ಒಂದು ನಗು ಕೇಳಿಸಿತು.

"ಹಂಗ ನಗಬಾರದು. ಅಜ್ಜಾರು ದೊಡ್ಡ ಓದಿದವರು. ಮುಂಜಾನಿ ಅವರ ಕಡೆ ಕಲಿ, ಸಂಜಿಕ ಇಲ್ಲಿ ಕಲಿ. ಎರಡೂ ಸಾಲೀನs."

ಒಳಗೆ ಹೋಗಲಿಲ್ಲ. ಮನೆಗೆ ಬಂದು ದೀಪಾಗೆ, ಮಗು ಆಟದಲ್ಲಿದೆ, ನಾಳೆ ಮಾಡು ಎಂದೆ. ಅದೂ ಸುಳ್ಳು.

ಆಗಸ್ಟ್ 11, ಬುಧವಾರ

ಅಂಚೆ ಕಚೇರಿಗೆ ಹೋದೆ. ಹದಿನಾಲ್ಕು ದಿನದ ಹಿಂದೆ ಕಳಿಸಿದ ಪತ್ರ ವಾಪಸ್ ಸಿಗುವುದಿಲ್ಲ ಎಂದು ನನಗೆ ಗೊತ್ತು. ಆದರೂ ಹೋಗಿ ಸಾಲಿನಲ್ಲಿ ನಿಂತೆ. ಸರದಿ ಬಂದಾಗ ಎರಡು ಕಾರ್ಡು ಕೊಂಡು ಬಂದೆ.

ಆಗಸ್ಟ್ 13, ಶುಕ್ರವಾರ

ಬೆಳಿಗ್ಗೆ ಗದ್ದೆಮ್ಮ ರೊಟ್ಟಿ ಬಡಿಯುವಾಗ, ಏನೂ ಗೊತ್ತಿಲ್ಲದವನಂತೆ ಕೇಳಿದೆ.

"ಸಂಜಿಕ ಟೀಚರ್ ಫೋನ್ ಮಾಡ್ತಾರಂತ?"

"ಹೂಂ ಕಾಕಾ, ಮೊದಲಿನಿಂದನೂ ಮಾಡ್ತಾರ. ನಿನಗ ಗೊತ್ತಿಲ್ಲೇನ್?"

ಅವಳು ಹೇಳಿದ್ದು ಇಷ್ಟು. ಜೂನ್ ತಿಂಗಳಲ್ಲಿ ಟೀಚರು ಒಂದು ನೋಟ್‌ಬುಕ್ ಹಿಡಿದು ಮನೆ ಮನೆ ಅಡ್ಡಾಡಿದರಂತೆ. ಯಾರ ಹತ್ತಿರ ಯಾವ ಫೋನಿದೆ, ಯಾರು ಕೂಲಿಯಿಂದ ಎಷ್ಟಕ್ಕೆ ಬರುತ್ತಾರೆ ಎಂದು ಬರೆದುಕೊಂಡರಂತೆ. ಮೂವತ್ತೊಂದು ಮಕ್ಕಳಲ್ಲಿ ಟಚ್ ಫೋನಿದ್ದ ಮನೆ ಆರು. ಉಳಿದವರದು ಬಟನ್ ಫೋನು, ಅದೂ ತಾಯಿಯ ಸೊಂಟದಲ್ಲಿ ಗದ್ದೆಗೆ ಹೋಗಿ ಸಂಜೆ ಮನೆಗೆ ಬರುವಂಥದು. ಐದಾರು ಮಕ್ಕಳಿಗೆ ಒಂದು ಫೋನಿನಂತೆ ಗುಂಪು ಮಾಡಿ, ತಾಯಂದಿರು ಮನೆಗೆ ಬಂದ ಮೇಲೆ, ಆರೂವರೆಯಿಂದ ಎಂಟೂವರೆವರೆಗೆ ಒಂದಾದ ಮೇಲೆ ಒಂದು ಓಣಿಗೆ ಮಾಡುತ್ತಾರೆ.

"ಮತ್ತ ಆ ವಾಟ್ಸಾಪಿನ್ಯಾಗ ಯಾಕ ಹಾಕಂಗಿಲ್ಲ?"

"ನಾನೂ ಕೇಳೀನಿ. ಆರು ಹುಡುಗರು ಮುಂದ ಹೋಗಿ ಇಪ್ಪತ್ತೈದು ಹಿಂದ ಬಿದ್ರ ಅದೆಂಥಾ ಸಾಲಿ ಗದ್ದೆಮ್ಮಾ ಅಂದ್ರು."

"ನನಗ್ಯಾಕ ಹೇಳಲಿಲ್ಲ?"

"ನಿಮ್ಮ ಮನ್ಯಾಗ ನೀನs ಅದಿಯಲ್ಲ ಕಾಕಾ. ಅನುಗ ಅಜ್ಜಾರು ಅದಾರ, ಆಕಿ ಚಿಂತಿ ಇಲ್ಲ ಅಂದಿದ್ರು. ಆಕಿ ತಾನs ಬಂದು ಕುಂಡರ್ತಾಳ. ನಿನಗ ಹೇಳಬ್ಯಾಡ ಅಂತ ನನ್ನ ಕಡೆ ಆಣಿ ಮಾಡಿಸ್ಕೊಂಡಾಳ. ನೀ ಸ್ಕೇಲ್ ಬಡೀತಿಯಂತ."

ರೊಟ್ಟಿ ತಿರುವಿ ಹಾಕಿ ಕೇಳಿದಳು: "ನಮ್ಮ ಅರ್ಜಿ ಏನಾತು ಕಾಕಾ? ಫೋನ್ ಬರ್ತಾವೇನು? ಹೊನ್ನೂರಿ ದಿನಾ ಕೇಳ್ತಾಳ."

ಈಗ ಹೇಳಬೇಕು ಎಂದುಕೊಂಡೆ. "ನೋಡೋಣ" ಎಂದೆ.

ಆಗಸ್ಟ್ 16, ಸೋಮವಾರ

ಮೂರು ದಿನದಿಂದ ನೆಪ ಹುಡುಕುತ್ತಿದ್ದೇನೆ. ಗುಂಪಿನಲ್ಲಿ ಒಂದು ಸಾಲು ತಿಳಿಸಬೇಕಿತ್ತು, ಅದು ಟೀಚರ ತಪ್ಪಲ್ಲವೇ? ಇರಬಹುದು. ಅರ್ಜಿ ಕಚೇರಿಯ ಕಪಾಟಿನಲ್ಲಿ ಬಿದ್ದಿರಬಹುದು. ಇರಬಹುದು. ಎಷ್ಟೋ ಬೀಳುತ್ತವೆ. ನನ್ನ ಅರ್ಜಿ ಬಿದ್ದಿರಲಿ ಎಂದು ನಾನು ಬಯಸಿದ್ದು ಇದೇ ಮೊದಲು.

ಕಾಲುವೆ ಬಂದ ಕಾಲ. ನನಗೆ ಹತ್ತು ವರ್ಷ. ನಮ್ಮಪ್ಪನ ಎರಡು ಎಕರೆಗೆ ನೀರು ಕೊಡಿಸುವ ಕಾಗದ ಎಂದು ದೊಡ್ಡ ಮನೆಯವರು ಹೆಬ್ಬೆಟ್ಟು ಒತ್ತಿಸಿಕೊಂಡರು. ಅಪ್ಪ ಮಸಿಯ ಬೆರಳನ್ನು ಧೋತರಕ್ಕೆ ಒರೆಸುತ್ತ ನಗುತ್ತ ಹೊರಗೆ ಬಂದ. ಅದು ಹೊಲ ಬಿಟ್ಟುಕೊಟ್ಟ ಕಾಗದವಾಗಿತ್ತು. ನನಗಾಗಲೇ ಓದು ಬರುತ್ತಿತ್ತು. ಅಂಗಳದಲ್ಲೇ ನಿಂತಿದ್ದೆ. ಕಾಗದವನ್ನು ನನ್ನ ಕೈಗೆ ಯಾರೂ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಆಮೇಲೆ ನಲವತ್ತು ವರ್ಷ, ಕೇರಿಯಲ್ಲಿ ಯಾವ ಸಭೆಯಾದರೂ, ಬಾಬಾಸಾಹೇಬರ ಫೋಟೊದ ಪಕ್ಕ ನಿಂತು ಒಂದೇ ಮಾತು ಹೇಳಿದೆ: ಓದಿಸಿಕೊಳ್ಳದೆ ಹೆಬ್ಬೆಟ್ಟು ಒತ್ತಬೇಡಿ, ಒತ್ತಿಸಿಕೊಳ್ಳುವವನು ದೇವರಾದರೂ ಸರಿ. ಗದ್ದೆಮ್ಮ ಸಣ್ಣ ಹುಡುಗಿಯಾಗಿದ್ದಾಗ ಮುಂದಿನ ಸಾಲಿನಲ್ಲಿ ಕೂತು ಕೇಳಿದ್ದಾಳೆ.

ಓದಿ ಹೇಳುವಷ್ಟು ಹೊತ್ತಿರಲಿಲ್ಲ ಎಂದು ಜುಲೈ 27ರಂದು ಬರೆದಿದ್ದೇನೆ. ಇವತ್ತು ಅದನ್ನು ತಿರುಗಿ ಓದಿದೆ. ಡ್ರೈವರ್ ನಮ್ಮ ಓಣಿಯ ನನ್ನೇಸಾಬ. ನಿಲ್ಲಿಸು ಎಂದರೆ ನಿಲ್ಲಿಸುತ್ತಿದ್ದ.

ಆಗಸ್ಟ್ 19, ಗುರುವಾರ

ಸಂಜೆ ಏಳೂಕಾಲಿಗೇ ಅನು ವಾಪಸ್ ಬಂದಳು. "ಟೀಚರ್ ಫೋನ್ ಬರಲಿಲ್ಲಜ್ಜ" ಎಂದಳು. ಎಂದದ್ದೇ, ತಾನು ಗುಟ್ಟು ಬಿಟ್ಟೆನೆಂದು ಬಾಯಿ ಮುಚ್ಚಿಕೊಂಡಳು. ಹೆದರಬೇಡ, ನನಗೆ ಗೊತ್ತು ಎಂದೆ. ನಿನ್ನೆಯೂ ಬಂದಿಲ್ಲವಂತೆ.

ಸ್ವಲ್ಪ ಹೊತ್ತಿಗೆ ಗದ್ದೆಮ್ಮ, ಹೊನ್ನೂರಮ್ಮ ಇಬ್ಬರೂ ಬಂದರು. ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ.

"ಕಾಕಾ, ಟೀಚರ್ ಮ್ಯಾಲ ಯಾರೋ ಅರ್ಜಿ ಹಾಕ್ಯಾರಂತ! ನೋಟಿಸ್ ಬಂದೈತಂತ! ಬುಧವಾರ ಸಾಲ್ಯಾಗ ವಿಚಾರಣಿ" ಎಂದಳು ಹೊನ್ನೂರಮ್ಮ. "ಎಂಥಾ ಬಾಡ್ಯಾ ಇರಬೇಕು ನೋಡು. ಸಂಜಿಕ ಪಾಠ ಮಾಡೋ ಹೆಣ್ಮಗಳ ಹೊಟ್ಟಿ ಮ್ಯಾಲ ಹೊಡದಾನ. ಬರದ ಕೈ ಸೇದಿ ಹೋಗ್ಲಿ ಅವಂದು. ಸಹಿ ಮಾಡಿದವರ ಕೈನೂ ಸೇದಿ ಹೋಗ್ಲಿ!"

"ನಿನಗ ಕಚೇರ್ಯಾಗ ಗುರ್ತದವರು ಅದಾರಲ್ಲ, ಯಾರಂತ ಕೇಳು ಕಾಕಾ" ಎಂದಳು ಗದ್ದೆಮ್ಮ.

ನಾನು ತಲೆಯಾಡಿಸಿದೆ. ಕೇಳುತ್ತೇನೆ ಎಂದು ತಲೆಯಾಡಿಸಿದೆ.

ಇದಕ್ಕಿಂತ ಕೆಳಗೆ ಏನಿದೆ?

ಆಗಸ್ಟ್ 21, ಶನಿವಾರ

ಟೀಚರ ಮನೆಗೆ ಹೋದೆ. ಬಾಗಿಲು ತೆಗೆದದ್ದು ಅವರ ತಾಯಿ ಶಂಶಾದ್‌ಬೀ. ಯಾರು ಎಂದು ಕೇಳುವ ಮೊದಲೇ, ಬಿಸಿಲಿನಲ್ಲಿ ಬಂದೀರಿ ಕೂಡ್ರಿ ಎಂದು ಕುರ್ಚಿ ಹಾಕಿ ನೀರು ಕೊಟ್ಟರು. ನೀರು ಕುಡಿದಮೇಲೆ ಹೆಸರು ಹೇಳಿದೆ. ಆ ತಾಯಿ ಖಾಲಿ ಲೋಟ ಹಿಡಿದು ಹಾಗೇ ನಿಂತರು.

ಶಾಹೀಸ್ತಾ ಟೀಚರು ಒಳಗಿನಿಂದ ಬಂದರು. ವಾಟ್ಸಾಪ್ ಫೋಟೊದಲ್ಲಿ ನೋಡಿದ್ದಕ್ಕಿಂತ ಸಣ್ಣ ವಯಸ್ಸು. ನನ್ನ ಅರ್ಜಿಯ ಪ್ರತಿ ಅವರ ಕೈಯಲ್ಲಿತ್ತು.

"ಅರ್ಜಿ ಚಲೋ ಬರದೀರಿ ಸರ್. ಒಂದೂ ತಪ್ಪಿಲ್ಲ. ಸಂಜಿಕ ಏಳರಿಂದ ಎಂಟರ ತನಕ ಫೋನ್ ಎಂಗೇಜ್ ಇರ್ತದ ಅಂತ ಬರದೀರಿ. ಅದು ಖರೇನ ಐತ್ರಿ."

ನನಗೆ ತಿಳಿಯದೆ ಆಯಿತು ಎಂದೆ. ಈ ವಯಸ್ಸಿನಲ್ಲಿ ಆ ಮಾತು ಬಾಯಿಂದ ಹೊರಟಾಗ ಎಷ್ಟು ಹಗುರ ಕೇಳಿಸುತ್ತದೆ!

ಅವರ ಎರಡು ವರ್ಷದ ಪ್ರೊಬೇಷನ್ ಸೆಪ್ಟೆಂಬರಿನಲ್ಲಿ ಮುಗಿಯುತ್ತದೆಯಂತೆ. ಹುದ್ದೆ ಖಾಯಮಾಗುವ ಹೊತ್ತಿಗೆ ಕಡತದಲ್ಲಿ ಈ ದೂರು. ತಂದೆ ಇಲ್ಲ, ಮನೆ ನಡೆಯುವುದು ಈ ಒಂದು ಕೆಲಸದ ಮೇಲೆ. ಇದನ್ನೆಲ್ಲ ಹೇಳಿದ್ದು ತಾಯಿ. ಮಗಳಲ್ಲ.

"ನೋಟಿಸ್ ಬಂತಂತ ನಾ ಫೋನ್ ಬಿಟ್ಟಿಲ್ಲ ಸರ್. ನೋಟಿಸಿನ ಹಿಂದ ಸಹಿ ಇದ್ವಲ್ಲ, ಅವನ್ನ ನೋಡಿ ಬಿಟ್ಟೆ. ಗದ್ದೆಮ್ಮಂದು, ಹೊನ್ನೂರಮ್ಮಂದು. ಮುನ್ನಾದಿನ ರಾತ್ರಿ ಹೊನ್ನೂರಮ್ಮ ನನಗ, ಟೀಚರವ್ವಾ ಉಂಡಿಯೇನ್ ಅಂತ ಕೇಳಿದ್ಲು. ಮನಸಿನ್ಯಾಗ ಹಿಂಗ ಇಟ್ಕೊಂಡು ಕೇಳಿದ್ಲಲ್ಲ ಅನ್ನಿಸ್ತು. ಯಾವ ಮಾರಿ ಹೊತ್ಕೊಂಡು ಅವರಿಗೆ ಫೋನ್ ಮಾಡ್ಲಿ?"

"ಅವರಿಗೆ ಗೊತ್ತಿಲ್ಲ" ಎಂದೆ.

"ಏನ್ ಗೊತ್ತಿಲ್ಲ?"

"ಅದರಾಗ ಏನ್ ಬರದೈತಿ ಅನ್ನೋದು."

ಟೀಚರು ನನ್ನನ್ನು ನೋಡಿದರು. "ಓದಿ ಹೇಳಲಿಲ್ಲೇನ್ರಿ?"

ಅರ್ಜಿ ಹಿಂದೆ ತೆಗೆದುಕೊಳ್ಳುತ್ತೇನೆ, ಇವತ್ತೇ ಬರೆದು ಕೊಡುತ್ತೇನೆ ಎಂದೆ.

"ಅದು ನಿಮ್ಮದು, ಕಚೇರಿದು. ಹಿಂದ ತಗೋರಿ, ಬಿಡ್ರಿ. ನಂದೇನೂ ಇಲ್ಲ. ಆದ್ರ ಅವರಿಗೆ ಓದಿ ಹೇಳ್ರಿ ಸರ್. ಪೂರಾ."

ಬಾಗಿಲವರೆಗೆ ಬಂದು ಚಪ್ಪಲಿ ಮೆಟ್ಟುವವರೆಗೂ ನಿಂತಿದ್ದರು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಿರಲಿಲ್ಲ, ಈಗ ನೆನಪಾಗುತ್ತಿದೆ.

ಆಗಸ್ಟ್ 25, ಬುಧವಾರ

ಹನ್ನೊಂದು ಹೆಂಗಸರು ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದರು, ಟೀಚರ ಪರವಾಗಿ ಮಾತಾಡಲು. ವಿಚಾರಣೆಗೆ ಬಂದ ಅಧಿಕಾರಿ ಸಂಗನಬಸವ. ಮೆತ್ತನೆಯ ಮನುಷ್ಯ. ನನ್ನನ್ನು ಪಕ್ಕಕ್ಕೆ ಕರೆದು, "ಸರ್, ಹಿಂದ ತಗೋತೀರಂತ ಟೀಚರ್ ಹೇಳಿದ್ರು. ಒಂದು ಸಾಲು ಬರದು ಕೊಡ್ರಿ ಸಾಕು, ಇವರ ಮುಂದ ಯಾಕ?" ಎಂದ. ಕಾಗದ, ಪೆನ್ನು ಕೂಡ ಕೊಟ್ಟ.

ಬರೆದು ಕೊಟ್ಟು ಮನೆಗೆ ಹೋಗಬಹುದಿತ್ತು. ಪೆನ್ನನ್ನು ಕೈಗೂ ತೆಗೆದುಕೊಂಡೆ. ಟೀಚರು ಮೂಲೆಯ ಬೆಂಚಿನಲ್ಲಿ ಕೂತು ಹಾಜರಿ ಪುಸ್ತಕ ನೋಡುತ್ತಿದ್ದರು. ತಲೆ ಎತ್ತಲಿಲ್ಲ.

ಅರ್ಜಿ ಕೇಳಿ ತೆಗೆದುಕೊಂಡು ಹೆಂಗಸರ ಮುಂದೆ ನಿಂತೆ. ಓದತೊಡಗಿದೆ.

"ಈ ಕೆಳಗೆ ಸಹಿ ಮಾಡಿರುವ ನೊಂದ ಪಾಲಕರಾದ ನಾವು, ಸಹಶಿಕ್ಷಕಿಯ ಘೋರ ಕರ್ತವ್ಯಲೋಪದ ಕುರಿತು..."

"ಅಂದ್ರೇನ್ ಕಾಕಾ?" ಹೊನ್ನೂರಮ್ಮ ಕೇಳಿದಳು.

"ಕೆಲಸ ಮಾಡಿಲ್ಲ ಅಂತ."

"ಯಾರು?"

"ಟೀಚರು."

"ಯಾರು ಹಂಗಂದವರು?"

"ನೀವು."

"ನಾವಾ? ನಾವ್ ಯಾವಾಗ ಅಂದೀವಿ?"

"ಟ್ರ್ಯಾಕ್ಟರಿನ ಹಂತ್ಯಾಕ. ಹೆಬ್ಬೆಟ್ಟು ಒತ್ತಿದ್ರಲ್ಲ, ಅವತ್ತು."

ಮುಂದೆ ಓದಿದೆ. ನಾನು ಹೆಮ್ಮೆಯಿಂದ ಕೂರಿಸಿದ ಒಂದೊಂದು ದೊಡ್ಡ ಶಬ್ದಕ್ಕೂ ಹೊನ್ನೂರಮ್ಮ "ಅಂದ್ರ?" ಎಂದಳು. ಒಂದೊಂದಕ್ಕೂ ಮನೆ ಮಾತಿನಲ್ಲಿ ಅರ್ಥ ಹೇಳಿದೆ. ಮನೆ ಮಾತಿಗೆ ತಂದಾಗ ಅವೆಲ್ಲ ಬರೀ ಬೈಗಳಾಗಿ ಉಳಿದವು. ಹರಟೆಯ ವಾಕ್ಯ ಬಂತು. ಬಿಟ್ಟು ಮುಂದಿನ ಸಾಲಿಗೆ ಹಾರಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಟೀಚರಿಗೆ ತಿಳಿಯುತ್ತಿತ್ತು. ಓದಿದೆ.

"ಹರಟಿ ಅಂದ್ರ?" ಎಂದಳು ಗದ್ದೆಮ್ಮ. ಅವಳಿಗೆ ಅರ್ಥ ಗೊತ್ತಿತ್ತು.

"ಸಂಜಿಕ ಫೋನಿನ್ಯಾಗ ಯಾರ ಜೋಡಿನೋ ಮಾತಾಡ್ಕೋತ ಕುಂಡರ್ತಾರಂತ."

"ನಮ್ಮ ಹುಡುಗರ ಜೋಡಿ" ಎಂದಳು.

"ಹೌದವ್ವ."

ಮೂರು ಪುಟ ಮುಗಿದಾಗ ಹೊನ್ನೂರಮ್ಮ ತನ್ನ ಬಲಗೈ ಹೆಬ್ಬೆರಳನ್ನು ನೋಡಿಕೊಳ್ಳುತ್ತಿದ್ದಳು. "ನನ್ನ ಕೈಗೆ ನಾನs ಸಾಪ ಹಾಕ್ಕೊಂಡೆ ನೋಡ್ರೇ" ಎಂದಳು. ನಗಲೆಂದು ಹೇಳಿದ ಮಾತಲ್ಲ. ಆದರೂ ಒಬ್ಬಿಬ್ಬರು ನಕ್ಕರು. ಆಮೇಲೆ ಅವಳೇ ಎದ್ದು ಟೀಚರ ಬೆಂಚಿಗೆ ಹೋಗಿ ಪಕ್ಕದಲ್ಲಿ ಕೂತಳು.

ಗದ್ದೆಮ್ಮ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಓದಿಸಿಕೊಳ್ಳದ ಒತ್ತಬ್ಯಾಡ್ರಿ ಅಂತಿದ್ದಿ. ನೆನಪಿತ್ತು ಕಾಕಾ. ನೀ ಬರದೀಯಲ್ಲ ಅಂತ ಒತ್ತಿದೆ."

ಹೇಳಿಕೆ ಬರೆದು ಕೊಟ್ಟೆ: "ಪಾಲಕರಿಗೆ ಓದಿ ಹೇಳದೆ ಸಹಿ ಮತ್ತು ಹೆಬ್ಬೆಟ್ಟು ಪಡೆದಿದ್ದೇನೆ. ದೂರಿನಲ್ಲಿರುವುದು ನಿಜವಲ್ಲ. ಅಂಬಪ್ಪ." ನನ್ನ ಜೀವನದಲ್ಲಿ ಬರೆದ ಅತಿ ಸಣ್ಣ ಅರ್ಜಿ.

ಆಗಸ್ಟ್ 27, ಶುಕ್ರವಾರ

ರೊಟ್ಟಿ ಬಂತು. ಗದ್ದೆಮ್ಮ ಬರಲಿಲ್ಲ. ತನ್ನ ಮನೆಯಲ್ಲೇ ಬಡಿದು ಹುಲಿಗೆಮ್ಮಳ ಕೈಯಲ್ಲಿ ಕಳಿಸಿದ್ದಾಳೆ. ಒಂದು ರೊಟ್ಟಿಯೂ ಕಡಿಮೆ ಇಲ್ಲ. ಕಡಿಮೆ ಇದ್ದಿದ್ದರೆ ತಿನ್ನುವುದು ಸುಲಭವಾಗುತ್ತಿತ್ತು.

ಫೋನ್ ಮತ್ತೆ ಬರುತ್ತಿದೆಯಂತೆ.

ಸೆಪ್ಟೆಂಬರ್ 6, ಸೋಮವಾರ

ಒಂಬತ್ತರ ತರಗತಿ ಬಿಟ್ಟು ಹತ್ತು ದಿನವಾಯಿತು. ಬೆಳಿಗ್ಗೆ ಅನುವಿಗೆ, ನಿನ್ನೆ ಟೀಚರ್ ಏನು ಹೇಳಿಕೊಟ್ಟರು ಎಂದು ಕೇಳುತ್ತೇನೆ. ಅವಳು ನನ್ನ ಕೈಯಲ್ಲಿ ಬೇಳೆ ಕೊಟ್ಟು ಹಂಚಿಸುತ್ತಾಳೆ. ಇವತ್ತು ತಪ್ಪು ಹಂಚಿದೆ. "ಇರ್ಲಿ ಅಜ್ಜ, ಇನ್ನೊಮ್ಮಿ ಮಾಡು" ಎಂದು ಕಾದಳು.

ಸೆಪ್ಟೆಂಬರ್ 14, ಮಂಗಳವಾರ

ಸಂಗನಬಸವ ನಿನ್ನೆ ಟೀಚರಿಗೆ ತಿಳಿಸಿದನಂತೆ: ನೋಟಿಸ್ ಕೈಬಿಟ್ಟಿದೆ, ಆದರೆ ದೂರು ಕಡತದಲ್ಲಿ ಉಳಿಯುತ್ತದೆ. ಹುದ್ದೆ ಖಾಯಂ ಮಾಡುವ ಮುಂದೆ ಸಹಿ ಹಾಕಿದ ಪಾಲಕರೇ ಬರಹದಲ್ಲಿ ತಮ್ಮ ಮಾತು ಕೊಟ್ಟರೆ ಒಳ್ಳೆಯದು. ಆದೀತು ಎಂದೂ ಹೇಳಲಿಲ್ಲ, ಆಗುವುದಿಲ್ಲ ಎಂದೂ ಹೇಳಲಿಲ್ಲ.

ಸಂಜೆ ಗದ್ದೆಯಿಂದ ನೇರವಾಗಿ ಹದಿನಾಲ್ಕೂ ಜನ ನಮ್ಮ ಮನೆಗೆ ಬಂದರು. ಗದ್ದೆಮ್ಮ ಹದಿನೆಂಟು ದಿನದ ಮೇಲೆ ಹೊಸ್ತಿಲು ದಾಟಿದಳು. ಕೈಯಲ್ಲಿ ಅಂಗಡಿಯಿಂದ ತಂದ ಗೆರೆ ಹಾಳೆ.

"ಬರಿ ಕಾಕಾ. ನಾವ್ ಹೇಳಿದಂಗ ಬರಿ."

"ಘನತೆವೆತ್ತ" ಎಂದು ಶುರುಮಾಡಿದೆ.

"ಅದೆಲ್ಲಾ ಬ್ಯಾಡ" ಎಂದಳು ಹೊನ್ನೂರಮ್ಮ.

ಹೊಡೆದು ಹಾಕಿದೆ. ಅವರು ಹೇಳಿದರು, ನಾನು ಬರೆದೆ. ನಮ್ಮ ಟೀಚರು ದಿನಾ ಸಂಜೆ ನಮ್ಮ ಫೋನಿಗೆ ಮಾಡುತ್ತಾರೆ. ನಮಗೆ ಓದು ಬರುವುದಿಲ್ಲ, ನಮ್ಮ ಮಕ್ಕಳಿಗೆ ಬರಲು ಹತ್ತಿದೆ. ಮೊದಲಿನ ಕಾಗದ ನಮ್ಮದಲ್ಲ. ಇದು ನಮ್ಮ ಸ್ವಂತ ಮಾತು. ಇಷ್ಟೇ. ಅರ್ಧ ಹಾಳೆಯೂ ತುಂಬಲಿಲ್ಲ.

ಓದಿ ಹೇಳಲು ಕಾಗದ ಎತ್ತಿದೆ. ಹೊನ್ನೂರಮ್ಮ ನನ್ನ ಕೈಯಿಂದ ತೆಗೆದುಕೊಂಡಳು.

"ನೀ ಬ್ಯಾಡ. ಹುಲಿಗೆವ್ವಾ, ಬಾ ಬೇ. ನೀ ಓದು."

ಹುಲಿಗೆಮ್ಮ ನಡುವೆ ನಿಂತು, ಬೆರಳಿಟ್ಟು ಓದಿದಳು. ಒಂದೊಂದು ಶಬ್ದಕ್ಕೆ ಒಂದೊಂದು ಉಸಿರು. ಕೊನೆಯ ಸಾಲಿನಲ್ಲಿ ನಿಂತಳು. "ಇದು ನಮ್ಮ ಸ... ಸವ..." ಹದಿನಾಲ್ಕು ಜನ ಉಸಿರು ಬಿಗಿಹಿಡಿದು ಕಾದರು. ಶಬ್ದ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ.

"ಸ್ವಂತ" ಎಂದಳು ಹುಲಿಗೆಮ್ಮ. "ನಮ್ಮ ಸ್ವಂತ ಮಾತು."

ಐದು ಸಹಿ, ಒಂಬತ್ತು ಹೆಬ್ಬೆಟ್ಟು. ಈ ಸಲ ಒಂದೂ ಅಲುಗಲಿಲ್ಲ. ಕೊನೆಗೆ ನಾನು ಪೆನ್ನು ತೆಗೆದು, ನಾನೆಲ್ಲಿ ಮಾಡಲಿ ಎಂದು ಕೇಳಿದೆ.

ಗದ್ದೆಮ್ಮ ಹಾಳೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಿನ್ನ ಸಹಿ ಬ್ಯಾಡ ಕಾಕಾ. ನಿಂದು ಅಲ್ಲಿ ಮೊದಲs ಐತಿ."